ಹಳೆಯ ಜೀಪಿಗೆ ದೊಡ್ಡ ಎಂಜಿನ್ನು

ಎರಡನೆಯ ಮಹಾಯುದ್ಧದಲ್ಲಿ ಹೆಸರಾದ ಅಮೆರಿಕದ ವಿಲ್ಲಿಸ್ ಜೀಪುಗಾಡಿಯನ್ನು ಅರಿಯದವರು ವಿರಳ. ನಾಲ್ಕು ಸಿಲಿಂಡರಿನ, ೨.೨ ಲೀಟರಿನ ಅದರ ಎಂಜಿನ್ನಿಗಿದ್ದುದು ೬೦ ಅಶ್ವಶಕ್ತಿ. ಕೆಸರಿಗೂ ಕಡಿದಾದ ಏರಿಗೂ ಅದು ಸಾಕಾಗುತ್ತಿದ್ದಿತು. ಹೆದ್ದಾರಿಯಲ್ಲಿ ಮಾತ್ರ ಏದುಸಿರು ಬಿಡುತ್ತಿದ್ದಿತು. ೧೯೬೫ರಲ್ಲಿ ಕೈಸರ್ ಜೀಪ್ ಸಂಸ್ಥೆಯು ಬ್ಯೂಕ್ ಮೋಟಾರಿನ ೩.೭ ಲೀಟರಿನ, ೧೬೦ ಅಶ್ವಶಕ್ತಿಯ ಎಂಜಿನ್ನನ್ನು ತನ್ನ ಸಿಜೆ-೫ ಗಾಡಿಗೆ ಅಳವಡಿಸಿತು. ಹಳೆಯ ಜೀಪುಗಳ ಒಡೆಯರೂ ಅದಕ್ಕೆ ಮನಸೋತರು. ಆರು ಸಿಲಿಂಡರುಗಳು ಮೂರು ಮೂರರಂತೆ ಎರಡು ಸಾಲಾಗಿ ಓರೆಯಾಗಿ ನಿಂತಿರುವುದರಿಂದ ಆ ಎಂಜಿನ್ನು ಉದ್ದದಲ್ಲಿ ಗಿಡ್ಡ. ಜೀಪಿನ ಕಿರಿದಾದ ಮೂತಿಯಲ್ಲಿ ಹಿಡಿಸುತ್ತದೆ.

ಇಷ್ಟಕ್ಕೇ ಹಿಗ್ಗುವ ವಾಚಕರು ಸ್ವಲ್ಪ ತಾಳಬೇಕು. ಹೊಸ ಎಂಜಿನ್ನನ್ನು ಹಳೆಯ ಗೇರುಪೆಟ್ಟಿಗೆಗೆ ಕೂಡಿಸಲು ನಡುವೆ ಲೋಹದ ಫಲಕವೊಂದು ಬೇಕು. ಹೆಚ್ಚಿದ ಕಾವಿಗೆ ದೊಡ್ಡ ರೇಡಿಯೇಟರು ಬೇಕು. ೬ ವೋಲ್ಟಿನ ವಿದ್ಯುತ್ತು ೧೨ ಆಗಬೇಕು. ಇವೆಲ್ಲ ಹಣವಿದ್ದರೆ ಮುಗಿಯುವ ಕೆಲಸ. ಉತ್ಸಾಹದಲ್ಲಿ ಮರೆತುಹೋಗುವುದು ಬ್ರೇಕು.

ಯುದ್ಧಕಾಲದ ಜೀಪಿನ ಗಾಲಿಗಳಲ್ಲಿರುವುದು ೯ ಅಂಗುಲದ ಡ್ರಮ್ಮುಗಳು. ಅವು ೬೦ ಅಶ್ವಶಕ್ತಿಯ ಗಾಡಿಗೆಂದು ಮಾಡಿದವು. ವೇಗವು ಇಮ್ಮಡಿಯಾದರೆ ಬ್ರೇಕು ಅಡಗಿಸಬೇಕಾದ ಶಕ್ತಿಯು ನಾಲ್ಮಡಿಯಾಗುತ್ತದೆ; ಉದ್ದನೆಯ ಇಳಿಜಾರಿನಲ್ಲಿ ಕಾದ ಡ್ರಮ್ಮು ಹಿಡಿತವನ್ನೇ ಬಿಟ್ಟೀತು. ಮೇಲಾಗಿ ನಾಲ್ಕು ಗಾಲಿಗಳಿಗೂ ಎಣ್ಣೆಯನ್ನು ಒತ್ತುವ ಸಿಲಿಂಡರು ಒಂದೇ. ಒಂದು ಕೊಳವೆ ಸೋರಿದರೆ ನಾಲ್ಕು ಗಾಲಿಗೂ ತಡೆಯಿಲ್ಲ. ಹೆಂಡಿರು ಮಕ್ಕಳನ್ನು ಕೂರಿಸಿಕೊಂಡು ಘಟ್ಟವಿಳಿಯುವವರು, ಮುಂದಿನ ಗಾಲಿಗಳಿಗೂ ಹಿಂದಿನವಕ್ಕೂ ಬೇರೆ ಬೇರೆಯಾಗಿ ಎಣ್ಣೆ ಒತ್ತುವ ಜೋಡಿ ಸಿಲಿಂಡರನ್ನೂ ದೊಡ್ಡ ಡ್ರಮ್ಮುಗಳನ್ನೂ ಮೊದಲು ಹಾಕಿಸಲಿ. ಎಂಜಿನ್ನು ಅನಂತರ ಬರಲಿ.