ಐದನೆಯ ಚಕ್ರದ ಎತ್ತರ

ಕೇರಳ ಸರಕಾರವು 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿದ ಮೇಲೆ ‘ಕ್ಯಾರವಾನ್’ ಎಂಬ ಶಬ್ದ ನಮ್ಮ ವಾಚಕರಿಗೆ ಹೊಸತಾಗಿ ಉಳಿದಿಲ್ಲ. ವಾಹನದೊಳಗೇ ಮಂಚ, ಒಲೆ, ಬಚ್ಚಲು ಇರಿಸಿಕೊಂಡು ಊರೂರು ಸುತ್ತುವ ಸೌಕರ್ಯವದು. ಅಮೇರಿಕದಲ್ಲಿ ಇಂಥ ಸಂಚಾರಿ ಮನೆಗಳು ಹಲವು ತೆರನಾಗಿವೆ. ಅವುಗಳಲ್ಲಿ ದೊಡ್ಡ ಗಾತ್ರದ ಒಂದು ಜಾತಿಗೆ ಸ್ವಂತ ಎಂಜಿನೇ ಇಲ್ಲ. ಮೂವತ್ತು ನಲವತ್ತು ಅಡಿ ಉದ್ದದ ಆ ಮನೆಯು ಮುಂದಿನ ಪಿಕಪ್ ಗಾಡಿಯ ಬೆನ್ನಿನ ಮೇಲೆ ಮೂತಿ ಊರಿಕೊಂಡು ಸಾಗುತ್ತದೆ. ಅದಕ್ಕೆ ಅಲ್ಲಿಯವರು ‘ಫಿಫ್ತ್ ವೀಲ್’, ಅಂದರೆ ಐದನೆಯ ಚಕ್ರ, ಎನ್ನುತ್ತಾರೆ. ಕೆಲಸದಿಂದ ನಿವೃತ್ತರಾಗಿ, ಇದ್ದ ಮನೆಯನ್ನು ಮಾರಿ, ಇದರಲ್ಲೇ ವರ್ಷವಿಡೀ ವಾಸಿಸುವ ದಂಪತಿಗಳೂ ಅಲ್ಲಿದ್ದಾರೆ. ಅವರ ಸರ್ವಸ್ವವೂ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಅವರ ಬೆನ್ನ ಹಿಂದೆ ಓಡಿ ಬರುತ್ತಿರುತ್ತದೆ. ಅದನ್ನು ಹಿಡಿದಿಟ್ಟಿರುವುದು ಎರಡಿಂಚು ದಪ್ಪದ ಒಂದು ಉಕ್ಕಿನ ಗೂಟ.

ಇದು ದೂರದ ಸಂಗತಿಯೆಂದು ಪುಟ ಮಗುಚಬೇಕಾಗಿಲ್ಲ. ತಲಪಾಡಿಯಿಂದ ಕಾಲಿಕ್ಕಡವಿನ ತನಕ ನಮ್ಮ ರಾಷ್ಟ್ರೀಯ ಹೆದ್ದಾರಿಯಲ್ಲಿ ಹಗಲೂ ರಾತ್ರಿಯೂ ಓಡುವ ಕಂಟೇನರ್ ಟ್ರೇಲರುಗಳನ್ನು ಎಳೆಯುವ ಲಾರಿಗೆ ಬಂಧಿಸುವುದೂ ಇದೇ ಜೋಡಣೆ.

ಹೆಸರಿನ ಕಥೆ ಸ್ವಾರಸ್ಯವಾಗಿದೆ. ಕುದುರೆ ಸಾರೋಟಿನ ಮುಂದಿನ ಅಚ್ಚು ಎಡಬಲಕ್ಕೆ ತಿರುಗಬೇಕಾದರೆ ಅದರ ಮೇಲೆ ಅಡ್ಡಲಾಗಿ ಮಲಗಿಸಿದ ಒಂದು ಬಳೆ ಬೇಕಿತ್ತು. ನೆಲಕ್ಕೆ ತಾಗುವ ಚಕ್ರಗಳು ನಾಲ್ಕು. ನೆಲಕ್ಕೆ ತಾಗದ ಇದು ಐದನೆಯದು. ಮೋಟಾರು ಯುಗ ಬಂದಾಗ ಬಳೆ ಹೋಯಿತು, ಹೆಸರು ಉಳಿಯಿತು. 1914ರಲ್ಲಿ ಡೆಟ್ರಾಯಿಟ್ ನಗರದ ಕಮ್ಮಾರ ಆಗಸ್ಟ್ ಫ್ರೂಹಾಫ್ ಎಂಬಾತನು ಮರದ ವ್ಯಾಪಾರಿಯೊಬ್ಬರ ದೋಣಿಯನ್ನು ಸಾಗಿಸಲು ಫೋರ್ಡ್ ಮಾಡೆಲ್ ಟಿ ಕಾರಿಗೆ ಜೋಡಿಸುವ ಗಾಡಿಯೊಂದನ್ನು ಕಟ್ಟಿಕೊಟ್ಟನು. ಇಂದಿನ ಟ್ರೇಲರ್ ಉದ್ಯಮಕ್ಕೆ ಅದು ಅಡಿಪಾಯವಾಯಿತು. ಈಗಿನ ಐದನೆಯ ಚಕ್ರವೆಂದರೆ ಪಿಕಪ್ಪಿನ ಹಿಂಭಾಗದ ತೊಟ್ಟಿಯೊಳಗೆ, ಹಿಂದಿನ ಆಕ್ಸಲಿನ ನೇರಕ್ಕೆ ಅಥವಾ ತುಸು ಮುಂದಕ್ಕೆ, ಬೋಲ್ಟು ಹಾಕಿ ನಿಲ್ಲಿಸಿದ ಒಂದು ಪೀಠ. ಅದರಲ್ಲಿ ದವಡೆಯಂಥ ಹಿಡಿ. ಟ್ರೇಲರಿನ ಮೂತಿಯ ಕೆಳಗೆ ಇಳಿಬಿದ್ದ ಕಿಂಗ್‌ಪಿನ್ ಆ ದವಡೆಗೆ ಬಂದು ಸಿಕ್ಕಿಕೊಳ್ಳುತ್ತದೆ. ಅದು ಐದನೆಯದೂ ಅಲ್ಲ, ಚಕ್ರವೂ ಅಲ್ಲ!

ಈ ಪೀಠ ಎಷ್ಟು ಎತ್ತರದಲ್ಲಿರಬೇಕು? ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ಎತ್ತಿನ ಗಾಡಿ ಹೊಡೆದ ಹಿರಿಯರಿಗಾದರೆ ಇದರ ಮರ್ಮ ಕೂಡಲೇ ಹೊಳೆದೀತು. ಹೇರು ಹಿಂದಕ್ಕೆ ಸರಿದರೆ ಮೂಕಿ ಮೇಲೆದ್ದು ನೊಗವು ಎತ್ತಿನ ಕತ್ತನ್ನು ಕೆಳಗಿನಿಂದ ಒತ್ತುತ್ತದೆ. ಮುಂದಕ್ಕೆ ಬಿದ್ದರೆ ಹೆಗಲು ಕುಸಿಯುತ್ತದೆ. ಗಾಡಿಯವನು ಒಂದು ಮೂಟೆಯನ್ನು ಹಿಂದೆ ಮುಂದೆ ಸರಿಸಿ ಹದ ಮಾಡುತ್ತಿದ್ದನು. ಸಂಚಾರಿ ಮನೆಯಲ್ಲಿ ಮಂಚವನ್ನೂ ಒಲೆಯನ್ನೂ ಹಾಗೆ ಸರಿಸುವಂತಿಲ್ಲ. ಅದರ ತೂಕದ ನೂರಕ್ಕೆ 15ರಿಂದ 25 ಪಾಲು ಪಿಕಪ್ಪಿನ ಬೆನ್ನಿಗೇ ಬೀಳುತ್ತದೆ. 12,000 ಪೌಂಡ್ ತೂಗುವ ಮನೆಯ ನೂರಕ್ಕೆ 20 ಪಾಲು ಎಂದಿಟ್ಟುಕೊಂಡರೆ 2,400 ಪೌಂಡ್, ಅಂದರೆ ಹತ್ತಿರ ಹತ್ತಿರ ಹನ್ನೊಂದು ಕ್ವಿಂಟಾಲ್. ಇಷ್ಟು ಭಾರ ಬಿದ್ದಾಗ ಪಿಕಪ್ಪಿನ ಹಿಂಭಾಗ ಎರಡು ಮೂರು ಇಂಚು ತಗ್ಗುವುದುಂಟು. ಹೆಚ್ಚಿನವರ ಲೆಕ್ಕ ತಪ್ಪುವುದು ಇಲ್ಲಿಯೇ. ಖಾಲಿ ನಿಂತ ಗಾಡಿಯ ಅಳತೆಯನ್ನು ಹಿಡಿದು ಪೀಠ ಕೂರಿಸುತ್ತಾರೆ; ಓಡುವ ಗಾಡಿಯ ಅಳತೆ ಬೇರೆಯೇ ಆಗಿರುತ್ತದೆ.

ಒಂದು ಉದಾಹರಣೆ ನೋಡೋಣ. ಸಮತಟ್ಟಾದ ನೆಲದಲ್ಲಿ ಟ್ರೇಲರನ್ನು ಅದರ ಮುಂಗಾಲುಗಳ ಮೇಲೆ ಮಟ್ಟಸವಾಗಿ ನಿಲ್ಲಿಸಿ, ನೆಲದಿಂದ ಪಿನ್ ಇರುವ ತಗಡಿನ ಅಡಿಯವರೆಗೆ ಅಳೆದರೆ 47 ಇಂಚು ಬಂತೆನ್ನಿ. ಪಿಕಪ್ಪಿನ ತೊಟ್ಟಿಯ ತಳ ನೆಲದಿಂದ 35 ಇಂಚು. ಭಾರಕ್ಕೆ ಎರಡಿಂಚು ತಗ್ಗಿದರೆ 33. ಹಾಗಾದರೆ ಪೀಠದ ಎತ್ತರ 14 ಇಂಚು ಇದ್ದಲ್ಲಿ ಮನೆ ಮಟ್ಟಸವಾಗಿ ನಿಂತೀತು. ಪೀಠದ ಕಾಲುಗಳಲ್ಲಿ ಸಾಲಾಗಿ ತೂತುಗಳಿರುವುದರಿಂದ ಬೋಲ್ಟು ಬದಲಿಸಿ ಇಷ್ಟನ್ನು ಸರಿಪಡಿಸುವುದು ಅರ್ಧ ಗಂಟೆಯ ಕೆಲಸ.

ಆದರೆ ಇನ್ನೊಂದು ಅಳತೆಯಿದೆ. ತೊಟ್ಟಿಯ ಪಕ್ಕದ ಗೋಡೆಗಳ ಮೇಲಂಚು ನೆಲದಿಂದ 57 ಇಂಚು ಇದ್ದು, ಭಾರಕ್ಕೆ 55ಕ್ಕೆ ಇಳಿಯಿತೆನ್ನಿ. ಆ ಗೋಡೆಗಳ ಮೇಲೆ ಚಾಚಿಕೊಂಡಿರುವ ಮನೆಯ ಮೂತಿಯ ಅಡಿಭಾಗ 60 ಇಂಚು. ನಡುವೆ ಉಳಿದ ಸಂದು ಐದೇ ಇಂಚು. ಬಲ್ಲವರು ಕನಿಷ್ಠ ಐದೂವರೆ, ಸಾಧ್ಯವಾದರೆ ಆರು ಇಂಚು ಬೇಕೆನ್ನುತ್ತಾರೆ. ಕಾರಣವಿಷ್ಟೆ: ಪೆಟ್ರೋಲ್ ಬಂಕಿನ ಏರನ್ನು ಓರೆಯಾಗಿ ಹತ್ತುವಾಗ ಅಥವಾ ಮೋರಿಯ ದಿಬ್ಬ ದಾಟುವಾಗ ಪಿಕಪ್ ಒಂದು ಕಡೆಗೆ ವಾಲುತ್ತದೆ, ಮನೆ ಮತ್ತೊಂದು ಕಡೆಗೆ ವಾಲುತ್ತದೆ. ಆಗ ಸಂದು ಸಾಲದೆ ಹೋದರೆ ಮನೆಯ ಮೂತಿ ತೊಟ್ಟಿಯ ಗೋಡೆಯ ಮೇಲೆ ಕುಳಿತು ತಗಡನ್ನು ಹಪ್ಪಳ ಮಾಡುತ್ತದೆ. ಆದುದರಿಂದ ಈ ಉದಾಹರಣೆಯಲ್ಲಿ ಪೀಠವನ್ನು 15 ಇಂಚಿಗೆ ಏರಿಸಿ, ಮನೆಯ ಮೂತಿ ಒಂದಿಂಚು ಮೇಲೆದ್ದರೂ ಚಿಂತೆಯಿಲ್ಲವೆಂದು ಬಿಡತಕ್ಕದ್ದು. ಮಟ್ಟಸವೂ ಬೇಕು, ಸಂದೂ ಬೇಕು; ಎರಡೂ ಸಿಗದಿದ್ದಲ್ಲಿ ಸಂದು ಮೊದಲು ಎಂಬುದೇ ನಮ್ಮ ಅಭಿಪ್ರಾಯ. ತುಸು ಓರೆಯಾದ ಮನೆಯನ್ನು ಎಳೆಯಬಹುದು, ಗೋಡೆಗೆ ತಾಗುವ ಮನೆಯನ್ನು ಎಳೆಯಲಾಗದು.

ತೊಡಕು ನಿಜವಾಗಿ ದೊಡ್ಡದಾದದ್ದು ಪಿಕಪ್ಪುಗಳು ಎತ್ತರವಾಗುತ್ತ ಬಂದುದರಿಂದ. ನಾಲ್ಕೂ ಚಕ್ರಗಳಿಗೆ ಬಲವಿರುವ ಈಗಿನ ಭಾರೀ ಪಿಕಪ್ಪುಗಳಲ್ಲಿ ತೊಟ್ಟಿಯ ತಳ 38 ಇಂಚು, ಗೋಡೆಯ ಅಂಚು 60 ಇಂಚು ಇದ್ದರೆ ಆಶ್ಚರ್ಯವಿಲ್ಲ. ಮೇಲಿನ ಅದೇ ಮನೆಯನ್ನು ಇದಕ್ಕೆ ಹೂಡಿದರೆ, ಎರಡಿಂಚು ತಗ್ಗಿದ ಮೇಲೂ ಸಂದು ಎರಡೇ ಇಂಚು. ಆರಿಂಚು ಬೇಕಾದರೆ ಮೂತಿಯನ್ನು ನಾಲ್ಕಿಂಚು ಎತ್ತಬೇಕು. ಅಲ್ಲಿಯ ಹೆದ್ದಾರಿಗಳಲ್ಲಿ ಮೂಗು ಮೇಲೆತ್ತಿ ಓಡುವ ಮನೆಗಳು ಕಾಣಸಿಗುವುದು ಹೀಗೆ.

ನಾಲ್ಕಿಂಚಿನಿಂದ ಆಗುವ ಕೇಡೇನು? ಪಿನ್ನಿನಿಂದ ಚಕ್ರಗಳಿಗೆ 24 ಅಡಿ ದೂರವಿದ್ದು, ಎರಡು ಆಕ್ಸಲುಗಳ ನಡುವೆ 33 ಇಂಚು ಇದ್ದರೆ, ಮುಂದಿನ ಆಕ್ಸಲಿಗಿಂತ ಹಿಂದಿನ ಆಕ್ಸಲಿನ ಮೇಲೆ ಮನೆಯು ಅರ್ಧ ಇಂಚಿನಷ್ಟು ತಗ್ಗಿ ಕುಳಿತಂತಾಗುತ್ತದೆ. ಪ್ಲೇಟು ಸ್ಪ್ರಿಂಗಿನ ಟ್ರೇಲರುಗಳಲ್ಲಿ ಎರಡು ಸ್ಪ್ರಿಂಗುಗಳ ನಡುವೆ ತೂಗುವ ತೊಲೆಯೊಂದಿದ್ದು, ಅದು ಭಾರವನ್ನು ಬಹುಮಟ್ಟಿಗೆ ಸಮವಾಗಿ ಹಂಚಿಬಿಡುತ್ತದೆ. ರಬ್ಬರಿನ ತಿರುಚುವಿಕೆಯಿಂದ ಕೆಲಸ ಮಾಡುವ ಆಕ್ಸಲುಗಳಲ್ಲಿ ಆ ತೊಲೆ ಇಲ್ಲ; ಅಲ್ಲಿ ಹಿಂದಿನ ಟಯರುಗಳು ಹೆಚ್ಚು ಹೊತ್ತು, ಹೆಚ್ಚು ಬಿಸಿಯಾಗಿ, ಬೇಗ ಸಿಡಿಯುತ್ತವೆ. ಎತ್ತರದ ಲೆಕ್ಕದಲ್ಲಿ ಕಟ್ಟುನಿಟ್ಟಾಗಿರಬೇಕಾದವರು ಮುಖ್ಯವಾಗಿ ಇವರೇ. ಮನೆಯ ಬಾಲವು ಚಕ್ರಗಳಿಂದ ಹತ್ತಡಿ ಹಿಂದೆ ಚಾಚಿದ್ದರೆ ಅದೂ ಒಂದೂವರೆ ಇಂಚಿಗೂ ಮಿಕ್ಕಿ ಇಳಿದು, ಏರಿನ ಬುಡದಲ್ಲಿ ನೆಲ ಕೆರೆಯುತ್ತದೆ.

ಕೆಲವರು ಮೂತಿಯ ಪಿನ್ ಪೆಟ್ಟಿಗೆಯ ಬೋಲ್ಟುಗಳನ್ನು ಬಿಚ್ಚಿ ಮೇಲಕ್ಕೋ ಕೆಳಕ್ಕೋ ಸರಿಸುತ್ತಾರೆ. ಪೀಠಕ್ಕೂ ಪಿನ್ನಿಗೂ ಹೊಂದಾಣಿಕೆ ತರಲು ಅದು ಸಾಕು. ಆದರೆ ಮನೆ ಮಟ್ಟಸವಾಗಿಯೇ ನಿಲ್ಲಬೇಕೆಂದರೆ ಮೂತಿಗೂ ತೊಟ್ಟಿಯ ಗೋಡೆಗೂ ನಡುವಿನ ಸಂದು ಅದರಿಂದ ಕೂದಲೆಳೆಯಷ್ಟೂ ಹೆಚ್ಚದು. ಎರಡೂ ಬೇಕಾದವನು ಮನೆಯನ್ನೇ ಚಕ್ರಗಳ ಮೇಲೆ ಎತ್ತರಿಸಬೇಕು. ಸ್ಪ್ರಿಂಗಿನ ಮೇಲೆ ಆಕ್ಸಲ್ ಇರುವಂಥ ಟ್ರೇಲರಿನಲ್ಲಿ ಅದನ್ನು ಸ್ಪ್ರಿಂಗಿನ ಕೆಳಗೆ ಬರುವಂತೆ ಮಾಡಿದರೆ ನಾಲ್ಕೈದು ಇಂಚು ಸಿಗುತ್ತದೆ. ಹಾಗೆಂದು ಆಕ್ಸಲನ್ನೇ ತಿರುವಿ ಹಾಕಬಾರದು. ಅದರ ನಡು ತುಸು ಮೇಲಕ್ಕೆ ಬಾಗಿರುತ್ತದೆ, ಆ ಬಾಗು ಮೇಲ್ಮುಖವಾಗಿಯೇ ಇರಬೇಕು. ಸ್ಪ್ರಿಂಗ್ ಕೂರುವ ಆಸನಗಳನ್ನು ಮಾತ್ರ ಮೇಲ್ಭಾಗದಲ್ಲಿ ಹೊಸದಾಗಿ ವೆಲ್ಡ್ ಮಾಡಿಸಬೇಕು. ಕೈಪಳಗಿದವನಿಂದ ಮಾಡಿಸತಕ್ಕ ಕೆಲಸವಿದು.

ಅಷ್ಟಾದರೆ ಮಾಡು ಮೇಲೇರಿತು. ಅಮೇರಿಕದ ಬಹುತೇಕ ರಾಜ್ಯಗಳಲ್ಲಿ ವಾಹನದ ಎತ್ತರದ ಮಿತಿ 13 ಅಡಿ 6 ಇಂಚು. ಈ ಮನೆಗಳ ಮಾಡಿನ ಮೇಲೆ ತಂಪುಯಂತ್ರ ಬೇರೆ ಕುಳಿತಿರುವುದರಿಂದ ಕೆಲವು ಮೊದಲೇ ಆ ಮಿತಿಯನ್ನು ಸಮೀಪಿಸಿರುತ್ತವೆ. ಉತ್ತರ ಕೆರೊಲೈನಾದ ಡರ್ಹಮ್ ಪಟ್ಟಣದಲ್ಲಿ 11 ಅಡಿ 8 ಇಂಚಿನ ರೈಲ್ವೆ ಮೇಲ್ಸೇತುವೆಯೊಂದಿತ್ತು. ಲಾರಿಗಳ ಮಾಡು ಸುಲಿಯುವುದಕ್ಕೇ ಪ್ರಖ್ಯಾತವಾದ ಆ ಸೇತುವೆಯನ್ನು 2019ರಲ್ಲಿ 8 ಇಂಚು ಎತ್ತರಿಸಿದರು. ಮನೆಯ ಹೊಸ ಎತ್ತರವನ್ನು ಒಂದು ಚೀಟಿಯಲ್ಲಿ ಬರೆದು ಸ್ಟಿಯರಿಂಗ್ ಬಳಿ ಅಂಟಿಸಿಕೊಳ್ಳುವುದು ಲೇಸು.

ಇನ್ನು ಹೂಡುವ ಗಳಿಗೆಯ ಮಾತು. ಎತ್ತರ ತಪ್ಪಿದರೆ ಎಲ್ಲಕ್ಕಿಂತ ದೊಡ್ಡ ಅನಾಹುತ ಆಗುವುದು ಇಲ್ಲಿ. ಟ್ರೇಲರಿನ ತಗಡು ಪೀಠಕ್ಕಿಂತ ಅರ್ಧ ಇಂಚಿನಷ್ಟು ಕೆಳಗಿರಬೇಕು. ಪಿಕಪ್ ಹಿಂದಕ್ಕೆ ಬಂದಾಗ ಪೀಠವು ಅದನ್ನು ತುಸು ಎತ್ತಿಕೊಂಡು ಅಡಿಗೆ ನುಸುಳಬೇಕು. ತಗಡು ಮೇಲಿದ್ದರೆ ಪಿನ್ ದವಡೆಯ ಮೇಲ್ತುದಿಯಲ್ಲಿ ತಂಗಿ, ಹಿಡಿದಂತೆ ತೋರಿಯೂ ಹಿಡಿಯದೆ ಉಳಿದೀತು. ಮೊದಲ ತಿರುವಿನಲ್ಲೋ ಮೊದಲ ದಿಬ್ಬದಲ್ಲೋ ಅದು ಹೊರಬಂದರೆ ಐದು ಟನ್ನಿನ ಮನೆ ತೊಟ್ಟಿಯ ಗೋಡೆಗಳ ಮೇಲೆ ಬೀಳುತ್ತದೆ, ಅಥವಾ ಹಿಂದಿನಿಂದ ಬರುವವರ ಎದುರಿಗೆ. ಹೂಡಿದ ಮೇಲೆ ಟಾರ್ಚು ಹಿಡಿದು ಬಗ್ಗಿ ನೋಡಿದಾಗ ಪೀಠಕ್ಕೂ ತಗಡಿಗೂ ನಡುವೆ ಬೆಳಕು ಕಾಣಬಾರದು. ಬಳಿಕ, ಮುಂಗಾಲುಗಳು ನೆಲಕ್ಕೆ ತಾಗಿರುವಾಗಲೇ, ಟ್ರೇಲರಿನ ಬ್ರೇಕನ್ನು ಹಿಡಿದು ಪಿಕಪ್ಪನ್ನು ಮೆಲ್ಲನೆ ಮುಂದಕ್ಕೆ ಜಗ್ಗಿ ನೋಡಬೇಕು. ನಮ್ಮ ಕಡೆಯ ಟ್ರೇಲರ್ ಚಾಲಕರಿಗೂ ಸಲ್ಲುವ ಪರೀಕ್ಷೆಯಿದು.

ಪಿಕಪ್ಪನ್ನು ಒಂದು ಕಡೆ, ಮನೆಯನ್ನು ಇನ್ನೊಂದು ಕಡೆ ಕೊಳ್ಳುವವರು ಟೇಪನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಬೇಕು. ತೊಟ್ಟಿಯ ಗೋಡೆಯ ಅಂಚು, ಮನೆಯ ಮೂತಿಯ ಅಡಿ, ಈ ಎರಡು ಅಂಕೆಗಳನ್ನು ದುಡ್ಡು ಕೊಡುವ ಮೊದಲೇ ಬರೆದುಕೊಳ್ಳಬೇಕು. ಸಾಮಾನು ತುಂಬಿದ ಮೇಲೆ ಮತ್ತೊಮ್ಮೆ ಅಳೆಯುವುದು ಬೇರೆಯೇ ಇದೆ. 60 ಗ್ಯಾಲನಿನ ನೀರಿನ ಟಾಂಕಿ ತುಂಬಿದರೆ ಅದೊಂದೇ 500 ಪೌಂಡ್. ಅದು ಚಕ್ರಗಳಿಗಿಂತ ಮುಂದೆ ಇದ್ದರೆ ಅದರ ಒಂದು ಪಾಲು ಪಿನ್ನಿನ ಮೇಲೆ ಬಿದ್ದು ಪಿಕಪ್ ಇನ್ನಷ್ಟು ತಗ್ಗುತ್ತದೆ, ಹಿಂದೆ ಇದ್ದರೆ ಮೇಲೇಳುತ್ತದೆ.