ಮೊಲ ಮತ್ತು ಗಿನಿಹಂದಿಗಳಿಗೆ ಮರದ ಗೋದಲಿ

ಶಾಲೆಯ ಪೂರ್ವಚರಿತ್ರೆಯನ್ನೂ ವರ್ಷದ ವರದಿಯನ್ನೂ ವಾಚಕರು ಈ ಸಂಚಿಕೆಯ ಬೇರೆ ಪುಟಗಳಲ್ಲಿ ಓದಿಕೊಳ್ಳುವರು. ನಾವು ಇಲ್ಲಿ ಬರೆಯಹೊರಟಿರುವ ವಿಷಯವು ಬಹಳ ಚಿಕ್ಕದು. ಆದರೆ ಮಕ್ಕಳಿರುವ ಮನೆಗಳಲ್ಲಿ ಉಪಯೋಗಕ್ಕೆ ಬರತಕ್ಕದ್ದು. ಹುಟ್ಟಿದ ದಿನದ ಉಡುಗೊರೆಯಾಗಿಯೋ ಪರೀಕ್ಷೆಯಲ್ಲಿ ತೇರ್ಗಡೆಯಾದ ಸಂತೋಷಕ್ಕಾಗಿಯೋ ಬಾಲಿಕೆಯರಿಗೆ ಮೊಲವನ್ನು ಅಥವಾ ಗಿನಿಹಂದಿಯನ್ನು ತಂದುಕೊಡುವ ತಾಯಿತಂದೆಗಳುಂಟು. ಪ್ರಾಣಿಯೊಡನೆ ಗೂಡು, ನೀರಿನ ಪಾತ್ರೆ, ಹುಲ್ಲಿಡುವ ಮರದ ಸಾಧನ, ಇವುಗಳನ್ನೂ ಕೊಳ್ಳಬೇಕಾಗುವುದು. ಇವುಗಳಲ್ಲಿ ಕಡೆಯದನ್ನು ಅಂದಚಂದ ನೋಡಿ ಆರಿಸುವವರೇ ಹೆಚ್ಚು. ಅದಕ್ಕೆ ನಮ್ಮ ಭಾಷೆಯಲ್ಲಿ ಗೋದಲಿಯೆಂಬ ಒಳ್ಳೆಯ ಹೆಸರಿದೆ. ಕ್ರಿಸ್ಮಸ್ ಕಥೆಯನ್ನು ಕೇಳಿದ ಮಕ್ಕಳೆಲ್ಲರೂ ಅದನ್ನು ಬಲ್ಲರು. ದನದ ಕೊಟ್ಟಿಗೆಯಲ್ಲಿ ಅದು ದೊಡ್ಡದು, ಮೊಲದ ಗೂಡಿನಲ್ಲಿ ಚಿಕ್ಕದು. ಕೆಲಸವು ಮಾತ್ರ ಒಂದೇ. ಹುಲ್ಲು ಒಣಗಿಯೂ ಶುಚಿಯಾಗಿಯೂ ಇರುವಂತೆ, ಮತ್ತು ಪ್ರಾಣಿಗೆ ಹಗಲಿರುಳು ಎಟಕುವಂತೆ ಹಿಡಿದಿಡುವುದೇ ಆ ಕೆಲಸ. ಇದನ್ನು ಮಾಡದ ಗೋದಲಿಯು ಎಷ್ಟು ಸುಂದರವಾಗಿದ್ದರೂ ಕೊಳ್ಳತಕ್ಕದ್ದಲ್ಲ.

ಹುಲ್ಲಿಗೆ ಇಷ್ಟು ಮಹತ್ವವೇಕೆಂದು ಕೆಲವರು ಕೇಳಬಹುದು. ಮೊಲವೆಂದೊಡನೆ ಗಜ್ಜರಿ, ಎಲೆಕೋಸುಗಳು ನಮ್ಮ ಕಣ್ಣ ಮುಂದೆ ಬರುವುವು. ಆದರೆ ಅವು ಮೇಲುತಿಂಡಿಗಳು ಮಾತ್ರ. ಮೊಲಕ್ಕೂ ಗಿನಿಹಂದಿಗೂ ಒಣಹುಲ್ಲೇ ಅನ್ನ. ಇವುಗಳ ಕರುಳು ನಾರಿನ ಬಲದಿಂದಲೇ ಚಲಿಸುವುದು. ನಾರು ಒಳಕ್ಕೆ ಹೋಗುವುದು ನಿಂತರೆ ಕರುಳಿನ ಚಲನೆಯೂ ನಿಲ್ಲುವುದು. ವಾಯು ತುಂಬಿ ಹೊಟ್ಟೆ ಉಬ್ಬುವುದು. ಮೊಲಕ್ಕೆ ವಾಂತಿಮಾಡಿಕೊಳ್ಳುವ ಶಕ್ತಿಯೂ ಇಲ್ಲ. ಒಂದು ದಿನವೆಲ್ಲ ಏನನ್ನೂ ತಿನ್ನದೆ ಕುಳಿತ ಮೊಲವನ್ನು ನಾಳೆ ನೋಡೋಣವೆಂದು ಬಿಡಕೂಡದು. ಅದೇ ದಿನ ಪಶುವೈದ್ಯರಲ್ಲಿಗೆ ಒಯ್ಯಬೇಕು. ಹೀಗಿರಲು, ಹುಲ್ಲು ಸಿಕ್ಕದ ಗೋದಲಿಯೂ ಹುಲ್ಲು ನೆನೆದು ಕೊಳೆತ ಗೋದಲಿಯೂ ಪ್ರಾಣಿಯನ್ನು ಮೆಲ್ಲಮೆಲ್ಲನೆ ಉಪವಾಸ ಕೆಡಹುವ ಯಂತ್ರಗಳೇ ಸರಿ.

ಹಲ್ಲಿನ ವಿಷಯವೂ ಹೀಗೆಯೇ. ಮೊಲಕ್ಕೆ ೨೮ ಹಲ್ಲುಗಳು, ಗಿನಿಹಂದಿಗೆ ೨೦. ಇವೆಲ್ಲವೂ ಜೀವಮಾನವೆಲ್ಲ ಬೆಳೆಯುತ್ತಲೇ ಇರುವುವು. ಮೊಲದ ಮುಂಬಲ್ಲುಗಳು ವಾರಕ್ಕೆ ಸುಮಾರು ೨ ಮಿಲಿಮೀಟರು, ಎಂದರೆ ವರ್ಷಕ್ಕೆ ಸುಮಾರು ೪ ಅಂಗುಲ ಬೆಳೆಯುವುವು. ಮರದ ಗೋದಲಿಯನ್ನು ಮಾರುವವರು ಇದನ್ನೇ ಹಿಡಿದು, ಪ್ರಾಣಿಯು ಮರವನ್ನು ಕಡಿದು ತನ್ನ ಹಲ್ಲನ್ನು ತಾನೇ ತೇಯ್ದುಕೊಳ್ಳುವುದೆಂದು ಹೇಳುವರು. ಇದು ಅರ್ಧ ಸತ್ಯ. ಮರವನ್ನು ಕಡಿಯುವಾಗ ಕೆಲಸಮಾಡುವುದು ಮುಂಬಲ್ಲುಗಳು ಮಾತ್ರ. ಹೆಚ್ಚಾಗಿ ತೊಂದರೆಯನ್ನುಂಟುಮಾಡುವುದು ನಮ್ಮ ಕಣ್ಣಿಗೆ ಬೀಳದ ದವಡೆ ಹಲ್ಲುಗಳು. ಹುಲ್ಲನ್ನು ಪಕ್ಕದಿಂದ ಪಕ್ಕಕ್ಕೆ ಅರೆಯುವಾಗ ಮಾತ್ರ ಅವು ಸರಿಯಾಗಿ ಸವೆಯುವುವು. ಇಲ್ಲವಾದರೆ ಅವುಗಳ ಅಂಚು ಮೊನಚಾಗಿ ನಾಲಗೆಯನ್ನೂ ಕೆನ್ನೆಯನ್ನೂ ಕೊಯ್ಯುವುದು. ಆಗ ಪ್ರಾಣಿಯು ಹಸಿದಿದ್ದರೂ ತಿನ್ನಲಾರದು. ಹಲ್ಲನ್ನು ಕಾಯುವುದು ಗೋದಲಿಯ ಮರವಲ್ಲ, ಅದರೊಳಗಿನ ಹುಲ್ಲು, ಎಂಬುದನ್ನು ತಾಯಿತಂದೆಗಳು ನೆನಪಿನಲ್ಲಿಡಬೇಕು.

ಯಾವ ಹುಲ್ಲು ಎಂಬುದನ್ನೂ ಇಲ್ಲಿಯೇ ಹೇಳಿಬಿಡುವೆವು. ನಮ್ಮ ಸೀಮೆಯಲ್ಲಿ ಒಣಹುಲ್ಲೆಂದರೆ ಭತ್ತದ ಹುಲ್ಲೆಂದೇ ರೂಢಿ. ಅದು ಕಾಳು ತೆಗೆದ ಮೇಲೆ ಉಳಿದ ಕಡ್ಡಿ. ಅದರಲ್ಲಿ ಪೋಷಕಾಂಶ ಕಡಿಮೆ. ಹಾಸಲು ಅದು ಆಗಬಹುದು, ಆಹಾರಕ್ಕೆ ಸಾಲದು. ಹಸುರಾಗಿರುವಾಗಲೇ ಕೊಯ್ದು ಒಣಗಿಸಿದ ಗರಿಕೆ, ರೋಡ್ಸ್ ಹುಲ್ಲು, ಅಂಗಡಿಗಳಲ್ಲಿ ದೊರೆಯುವ ಟಿಮೊಥಿ ಹುಲ್ಲು, ಇವು ಯೋಗ್ಯವಾದುವು. ಕುದುರೆಮಸಾಲೆಯಲ್ಲಿ ಸುಣ್ಣದ ಅಂಶ ಅಧಿಕ. ಬೆಳೆಯುವ ಮರಿಗಳಿಗೆ ಅದು ಹಿತ, ದೊಡ್ಡವಕ್ಕೆ ನಿತ್ಯ ಕೊಟ್ಟರೆ ಮೂತ್ರಕೋಶದಲ್ಲಿ ಕಲ್ಲುಂಟಾಗುವ ಭಯವುಂಟು. ಗಿನಿಹಂದಿಯ ದೇಹವು ನಮ್ಮ ದೇಹದಂತೆಯೇ ಸಿ ಜೀವಸತ್ವವನ್ನು ತಾನೇ ತಯಾರಿಸಿಕೊಳ್ಳಲಾರದು. ಅದಕ್ಕೆ ಹುಲ್ಲಿನೊಡನೆ ದೊಣ್ಣೆಮೆಣಸಿನಕಾಯಿಯಂಥ ಹಸಿ ತರಕಾರಿಯನ್ನು ದಿನವೂ ಕೊಡಬೇಕು.

ಇನ್ನು ಗೋದಲಿಯ ಮರವನ್ನು ವಿಚಾರಿಸೋಣ. ತಂತಿಯ ಗೋದಲಿಯು ತುಕ್ಕು ಹಿಡಿಯುವುದು. ಬಲೆಯ ಚೀಲದಲ್ಲಿಯೂ ತಂತಿಯ ಉಂಡೆಯಲ್ಲಿಯೂ ತಲೆ ಇಲ್ಲವೆ ಕಾಲು ಸಿಕ್ಕಿಕೊಳ್ಳುವ ಅಪಾಯವಿದೆ. ಮರಕ್ಕೆ ಇರುವ ದೊಡ್ಡ ಗುಣವೆಂದರೆ ಕಡಿದರೂ ಕೇಡಿಲ್ಲದಿರುವುದು. ಆದರೆ ಮರವು ನಿರ್ದೋಷವಾಗಿದ್ದರೆ ಮಾತ್ರ ಈ ಮಾತು ಸಲ್ಲುವುದು. ಪ್ರಾಣಿಯು ಗೋದಲಿಯನ್ನು ತಿಂದೇ ತಿನ್ನುವುದೆಂದು ಮೊದಲೇ ನಿಶ್ಚಯಿಸಿಕೊಂಡು ಮರವನ್ನು ಆರಿಸುವುದು ಲೇಸು. ಶಾಖದಲ್ಲಿ ಚೆನ್ನಾಗಿ ಒಣಗಿಸಿದ ಪೈನ್, ಪಾಪ್ಲರ್, ಬರ್ಚ್ ಮರಗಳು ಒಳ್ಳೆಯವು. ಸಿಬಿರು ತೆಗೆದು ನಯಗೊಳಿಸಿದ ಬಿದಿರೂ ಆಗಬಹುದು. ಹಸಿ ಪೈನ್ ಮರವೂ ದೇವದಾರು ಮುಂತಾದ ಗಾಢ ಪರಿಮಳದ ಮರಗಳೂ ಬೇಡ. ನಮಗೆ ಹಿತವಾದ ಆ ವಾಸನೆಯು ಚಿಕ್ಕ ಪ್ರಾಣಿಯ ಶ್ವಾಸಕ್ಕೆ ಅಹಿತ. ಸಾಗುವಾನಿಯು ಬೆಲೆಬಾಳುವ ಮರವೆಂಬುದು ನಿಜ. ಆದರೆ ಗೆದ್ದಲನ್ನು ದೂರವಿಡುವ ದ್ರವ್ಯಗಳು ಅದರಲ್ಲಿ ಸಹಜವಾಗಿಯೇ ಇರುವುದರಿಂದ, ಕಡಿಯುವ ಪ್ರಾಣಿಗೆ ಅದನ್ನು ಕೊಡದಿರುವುದೇ ಒಳ್ಳೆಯದು. ರಬ್ಬರ್ ಮರದ ಹಲಗೆಗೆ ಹುಳು ಬೀಳದಂತೆ ಸಾಮಾನ್ಯವಾಗಿ ಬೋರಾನ್ ಲವಣಗಳನ್ನು ಊಡಿರುತ್ತಾರೆ. ಪ್ಲೈವುಡ್ಡಿನಲ್ಲಿ ಅಂಟು ಇರುವುದು. ಹಿತ್ತಲಿನ ಕೊಂಬೆಗಳಿಂದ ಗೋದಲಿ ಕಟ್ಟುವವರು ಕಣಗಿಲೆಯನ್ನು ಮುಟ್ಟಲೂ ಕೂಡದು. ಅದರ ಬೇರು, ಕಡ್ಡಿ, ಎಲೆ, ಹೂವು ಎಲ್ಲವೂ ವಿಷ.

ಸರಕಿನ ಪೆಟ್ಟಿಗೆಗಳ ಹಲಗೆಯಿಂದ ಬಡಗಿಯ ಕೈಯಲ್ಲಿ ಮಾಡಿಸುವವರಿಗೆ ಒಂದು ಮಾತು. ಹೊರದೇಶಗಳಿಗೆ ಹೋಗಿಬರುವ ಇಂಥ ಮರವನ್ನು ಕೀಟಗಳಿಲ್ಲದಂತೆ ಸಂಸ್ಕರಿಸಿ ಮುದ್ರೆಯೊತ್ತಬೇಕೆಂದು ೨೦೦೨ರಲ್ಲಿ ಅಂತರರಾಷ್ಟ್ರೀಯ ನಿಯಮವಾಯಿತು. ಆ ಮುದ್ರೆಯಲ್ಲಿ ಎಚ್.ಟಿ. ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಮರವನ್ನು ಶಾಖದಿಂದ, ಅದರ ತಿರುಳು ಸಹ ೫೬ ಡಿಗ್ರಿ ಸೆಂಟಿಗ್ರೇಡಿನಲ್ಲಿ ೩೦ ನಿಮಿಷ ಇರುವಂತೆ, ಕಾಯಿಸಿರುವರೆಂದು ಅರ್ಥ. ಎಂ.ಬಿ. ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷವಾಯುವನ್ನು ಹಾಯಿಸಿರುವರೆಂದು ತಿಳಿಯಬೇಕು. ಆ ಹಲಗೆಯನ್ನು ಬಿಟ್ಟುಬಿಡಬೇಕು. ಮುದ್ರೆಯೇ ಇಲ್ಲದ ಹಲಗೆಯನ್ನೂ, ಎಣ್ಣೆ ಅಥವಾ ಬಣ್ಣದ ಕಲೆಯುಳ್ಳ ಹಲಗೆಯನ್ನೂ ಹಾಗೆಯೇ ಬಿಡತಕ್ಕದ್ದು. ಮಾಡಿಸಿದ ಮೇಲೆ ಬಣ್ಣವಾಗಲಿ ವಾರ್ನಿಷಾಗಲಿ ಬಳಿಯಿಸಕೂಡದು. ಮರಳುಕಾಗದದಿಂದ ನಯವಾಗಿ ಉಜ್ಜಿಸಿದರೆ ಸಾಕು. ಮರದ ಗೂಟಗಳಿಂದ ಕೂಡಿಸಿದುದು ಉತ್ತಮ. ತಿರುಪುಮೊಳೆಗಳನ್ನು ಹಾಕಿದರೆ ಅವುಗಳ ತಲೆಯು ಮರದೊಳಗೆ ಹುದುಗಿರಬೇಕು.

ರಚನೆಯಲ್ಲಿ ಮೊದಲು ನೋಡಬೇಕಾದುದು ಪಟ್ಟಿಗಳ ನಡುವಣ ಸಂದು. ದೊಡ್ಡ ಗಿನಿಹಂದಿಗೆ ಸುಮಾರು ೧ ಅಂಗುಲ, ದೊಡ್ಡ ಮೊಲಕ್ಕೆ ಸುಮಾರು ಒಂದೂವರೆ ಅಂಗುಲ ಇದ್ದರೆ ಹುಲ್ಲು ಸುಲಭವಾಗಿ ಬರುವುದು. ಅಳತೆಗಿಂತಲೂ ನಂಬತಕ್ಕ ಲಕ್ಷಣವೊಂದಿದೆ: ಪ್ರಾಣಿಯ ಮೂತಿಯು ಸಂದಿನೊಳಗೆ ಹೋಗಬೇಕು, ಕಣ್ಣಿನಿಂದಾಚೆಗೆ ತಲೆ ಹೋಗಕೂಡದು. ಒಳಗೆ ಹೋದ ತಲೆ ಹಿಂದಕ್ಕೆ ಬಾರದಿದ್ದರೆ ಪ್ರಾಣಿಯು ಗಾಬರಿಯಿಂದ ಒದ್ದಾಡಿ ಕುತ್ತಿಗೆಯನ್ನು ಮುರಿದುಕೊಳ್ಳಬಹುದು. ಮರಿಗಳಿರುವ ಮನೆಯಲ್ಲಿ ಪಟ್ಟಿಯ ಗೋದಲಿಯೇ ಬೇಡ. ಅವು ದೊಡ್ಡವಾಗುವವರೆಗೆ ಮುಂಭಾಗ ತೆರೆದ ತಗ್ಗಾದ ಮರದ ಪೆಟ್ಟಿಗೆಯಲ್ಲಿ ಹುಲ್ಲಿಟ್ಟರೆ ಸಾಕು.

ಎರಡನೆಯದು ಮುಚ್ಚಳ. ಮೇಲೆ ತೆರೆದಿದ್ದರೆ ಮೊಲವು ಅದರೊಳಕ್ಕೆ ಹಾರಿ ಕುಳಿತುಕೊಳ್ಳುವುದು. ಇಳಿಯುವಾಗ ಹಿಂಗಾಲು ಪಟ್ಟಿಗಳ ನಡುವೆ ಸಿಕ್ಕಿದರೆ ಎಲುಬು ಮುರಿಯುವುದು. ಆದುದರಿಂದ ಇಳಿಜಾರಾದ ಮುಚ್ಚಳವಿರುವುದನ್ನು ಕೊಳ್ಳಬೇಕು. ತಳವು ಅಗಲವಾಗಿ, ಮೊಲವು ಮುಂಗಾಲೂರಿ ನಿಂತರೂ ಮಗುಚದಷ್ಟು ಭಾರವಾಗಿರಬೇಕು. ಹಗುರವಾಗಿದ್ದರೆ ಗೂಡಿನ ಗೋಡೆಗೆ ಬಿಗಿಯಬೇಕು.

ಮೂರನೆಯದು ಎತ್ತರ. ಹುಲ್ಲುಗಾವಲಿನಲ್ಲಿ ಈ ಪ್ರಾಣಿಗಳು ತಲೆ ತಗ್ಗಿಸಿ ಮೇಯುವುವೇ ಹೊರತು ತಲೆಯೆತ್ತಿ ಅಲ್ಲ. ಎತ್ತರದಲ್ಲಿ ತೂಗಹಾಕಿದ ಗೋದಲಿಯಿಂದ ಹುಲ್ಲಿನ ಧೂಳು ಕಣ್ಣಿಗೂ ಮೂಗಿಗೂ ಬೀಳುವುದು. ಪ್ರಾಣಿಯು ನಾಲ್ಕು ಕಾಲಿನ ಮೇಲೆ ಸಹಜವಾಗಿ ನಿಂತಿರುವಾಗ ಬಾಯಿಗೆ ಹುಲ್ಲು ಸಿಕ್ಕುವಂತಿರಬೇಕು. ಮೊಲವು ತಿನ್ನುತ್ತಲೇ ಹಿಕ್ಕೆ ಹಾಕುವ ಪ್ರಾಣಿ. ಇದನ್ನು ಬಲ್ಲವರು ಮಲದ ತಟ್ಟೆಯನ್ನು ಗೋದಲಿಯ ಮುಂದೆಯೇ ಇಡುವರು. ಮೊಲಕ್ಕೆ ಸ್ಥಳದ ಅಭ್ಯಾಸವೂ ಆಗುವುದು, ಮನೆಯೂ ಚೊಕ್ಕಟವಾಗಿರುವುದು.

ಕಡೆಯದಾಗಿ ಗಾತ್ರ. ಒಂದು ಪ್ರಾಣಿಗೆ ದಿನಕ್ಕೆ ಅದರ ಮೈಯಷ್ಟು ದೊಡ್ಡ ಹುಲ್ಲಿನ ರಾಶಿ ಬೇಕು. ಅಂಗಡಿಯಲ್ಲಿ ಸೊಗಸಾಗಿ ಕಾಣುವ ಅಂಗೈಯಗಲದ ಗೋದಲಿಗಳು ನಡುರಾತ್ರಿಯ ಹೊತ್ತಿಗೆ ಬರಿದಾಗಿರುವುವು. ಇವು ಒಂಟಿಯಾಗಿ ಬಾಳುವ ಪ್ರಾಣಿಗಳೂ ಅಲ್ಲ. ಸ್ವಿಟ್ಜರ್ಲೆಂಡ್ ದೇಶವು ೨೦೦೮ರ ತನ್ನ ನಿಯಮಗಳಲ್ಲಿ ಗಿನಿಹಂದಿಯನ್ನು ಒಂಟಿಯಾಗಿ ಸಾಕಬಾರದೆಂದು ವಿಧಿಸಿತು. ಎರಡನ್ನು ಸಾಕಿದಾಗ ಬಲವುಳ್ಳದ್ದು ಮತ್ತೊಂದನ್ನು ಹುಲ್ಲಿನಿಂದ ಓಡಿಸುವುದುಂಟು. ಎರಡೂ ಪಕ್ಕಪಕ್ಕದಲ್ಲಿ ನಿಂತು ತಿನ್ನುವಷ್ಟು ಉದ್ದದ ಗೋದಲಿಯನ್ನು ಕೊಳ್ಳಬೇಕು, ಇಲ್ಲವೆ ಎರಡನ್ನು ಬೇರೆ ಬೇರೆ ಕಡೆ ಇಡಬೇಕು.

ಮರವು ತೇವವನ್ನು ಹೀರುವ ವಸ್ತು. ಮಳೆಗಾಲದಲ್ಲಿ ಗೋದಲಿಯನ್ನು ತೇವವಾದ ಗೋಡೆಗೆ ತಾಗಿಸಿ ಇಡಕೂಡದು. ಮುಗ್ಗಿದ ಹುಲ್ಲಿನ ಮೇಲೆ ಹೊಸ ಹುಲ್ಲನ್ನು ತುರುಕದೆ, ಹಳೆಯದನ್ನೆಲ್ಲ ತೆಗೆದು ತುಂಬಬೇಕು. ಮೂತ್ರದ ಬಿಳಿಯ ಕರೆ ಕಟ್ಟಿದ್ದರೆ ನೀರು ಬೆರೆಸಿದ ಬಿಳಿ ವಿನಿಗರಿನಿಂದ ಉಜ್ಜಿದರೆ ಬಿಡುವುದು, ಫಿನಾಯಿಲನ್ನು ಉಪಯೋಗಿಸಬಾರದು. ತೊಳೆದ ಮೇಲೆ ಬಿಸಿಲಿನಲ್ಲಿ ಪೂರಾ ಒಣಗಬೇಕು. ಗೋದಲಿಯು ಸವೆಯತಕ್ಕ ವಸ್ತುವೆಂಬುದನ್ನು ಮರೆಯದೆ, ವಾರಕ್ಕೊಮ್ಮೆ ಅದರ ಪಟ್ಟಿಗಳನ್ನು ಕೈಯಿಂದ ತಡವಿ ನೋಡಬೇಕು. ಕಡಿದು ಮೊನಚಾದ ಅಂಚೋ ಹೊರಬಿದ್ದ ಮೊಳೆಯೋ ಕಂಡರೆ ಕೂಡಲೇ ಸರಿಪಡಿಸಬೇಕು. ಹುಲ್ಲನ್ನು ಬಿಟ್ಟು ಮರವನ್ನೇ ಕಡಿಯುತ್ತಿದ್ದರೆ ಹುಲ್ಲು ಹಳಸಿದೆಯೋ ಎಂದು ಮೊದಲು ಪರೀಕ್ಷಿಸಬೇಕು.

ಈ ಕೆಲಸಗಳಲ್ಲಿ ಬಹುಭಾಗವನ್ನು ಮಗುವೇ ಮಾಡಬಹುದು, ಮಾಡಲೂ ಬೇಕು. ಆದರೆ ಹೊಣೆಯು ಹಿರಿಯರದು. ಈ ಪ್ರಾಣಿಗಳು ಮುಂಜಾವಿನಲ್ಲಿಯೂ ಮುಸ್ಸಂಜೆಯಿಂದೀಚೆಗೂ ಹೆಚ್ಚಾಗಿ ತಿನ್ನುವುವು. ಬೆಳಿಗ್ಗೆ ಪಾಠಶಾಲೆಗೆ ಹೊರಡುವಾಗ ತುಂಬಿದ ಗೋದಲಿಯನ್ನು ಸಂಜೆ ದೀಪ ಹಚ್ಚುವ ಹೊತ್ತಿಗೆ ಮತ್ತೊಮ್ಮೆ ತುಂಬಬೇಕು. ಪರೀಕ್ಷೆಯ ವಾರವಾದರೂ ನೆಂಟರ ಮದುವೆಯಾದರೂ ಇದು ತಪ್ಪಕೂಡದು. ಚೆನ್ನಾಗಿ ಸಾಕಿದ ಮೊಲವು ೮ ರಿಂದ ೧೨ ವರ್ಷ ಬದುಕಬಹುದು. ಐದನೆಯ ತರಗತಿಯ ಬಾಲಿಕೆಗೆ ಕೊಟ್ಟ ಮರಿಯು ಆಕೆ ಕಾಲೇಜು ಮುಗಿಸುವ ತನಕವೂ ಮನೆಯಲ್ಲಿರಬಹುದೆಂಬುದನ್ನು ಯೋಚಿಸಿ ತಾಯಿತಂದೆಗಳು ಹೂಂ ಎನ್ನಬೇಕು. ಅಷ್ಟು ವರ್ಷ ಹುಲ್ಲು ತುಂಬಲು ಮನೆಯಲ್ಲಿ ಯಾರೂ ಸಿದ್ಧರಿಲ್ಲವಾದರೆ ಪ್ರಾಣಿಯನ್ನು ತಾರದಿರುವುದೇ ದಯೆ.

ಅಂಗಡಿಗೆ ಹೋದಾಗ ಗೋದಲಿಯನ್ನು ಕೈಯಲ್ಲಿ ಹಿಡಿದು ಐದು ಸಂಗತಿಗಳನ್ನು ವಿಚಾರಿಸಿರಿ: ಇದು ಯಾವ ಮರ? ಬಣ್ಣ ಬಳಿದಿದೆಯೇ? ತಲೆ ಸಿಕ್ಕಿಕೊಳ್ಳುವುದೇ? ಒಂದು ರಾತ್ರಿಗೆ ಸಾಲುವಷ್ಟು ಹುಲ್ಲು ಹಿಡಿಯುವುದೇ? ತೊಳೆದು ಒಣಗಿಸಲು ಬಿಡಿಸಿ ತೆಗೆಯಬಹುದೇ? ಇವಕ್ಕೆ ತೃಪ್ತಿಕರವಾದ ಉತ್ತರ ದೊರೆತರೆ ಕೊಳ್ಳಿರಿ. ದೊರೆಯದಿದ್ದರೆ ಶುಚಿಯಾದ ನೆಲದ ಮೇಲೆ ಒಂದು ರಾಶಿ ಒಳ್ಳೆಯ ಹುಲ್ಲನ್ನಿಟ್ಟು, ದಿನಕ್ಕೆರಡು ಸಲ ಬದಲಾಯಿಸಿರಿ. ಕೆಟ್ಟ ಗೋದಲಿಗಿಂತ ಅದು ಎಷ್ಟೋ ಮೇಲು. ನಮ್ಮ ಹಳೆಯ ವಿದ್ಯಾರ್ಥಿನಿಯರ ಮನೆಗಳಲ್ಲಿ ಒಂದು ಮೂಕಪ್ರಾಣಿಗಾದರೂ ಇದರಿಂದ ಹಿತವಾದರೆ ಈ ಲೇಖನವು ಸಾರ್ಥಕವಾಯಿತೆಂದು ಭಾವಿಸುವೆವು.