ಟೂರ್ ಡಿ ಫ್ರಾನ್ಸ್: ಗಡಿಯಾರದೊಡನೆ ಸ್ಪರ್ಧೆ

ಮುಂಬಯಿಯಿಂದ ಪುಣೆಗೆ ನಡೆಯುವ ಸೈಕಲ್ ಪಂದ್ಯದಲ್ಲಿ ಬೋರಘಾಟವನ್ನು ಎಲ್ಲರಿಗಿಂತ ಮೊದಲು ಏರಿದವನಿಗೆ ‘ಘಾಟಾಚಾ ರಾಜಾ’ ಎಂಬ ಬಿರುದು ಸಲ್ಲುವುದನ್ನು ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆಯ ಪಂದ್ಯಪ್ರಿಯರು ಬಲ್ಲರು; ಆದರೆ ಅದಕ್ಕಿಂತ ಎಷ್ಟೋ ಎತ್ತರದ ಘಾಟಗಳನ್ನು ಒಂದರ ಮೇಲೊಂದರಂತೆ ದಾಟುತ್ತ, ಮೂರು ವಾರಗಳಲ್ಲಿ ಸುಮಾರು 3,400 ಕಿಲೋಮೀಟರು ಕ್ರಮಿಸುವ ಫ್ರಾನ್ಸ್ ದೇಶದ ಮಹಾಸ್ಪರ್ಧೆಯ ಪರಿಚಯ ನಮ್ಮಲ್ಲಿ ಅಷ್ಟಾಗಿ ಇಲ್ಲ.

ಇದರ ಜನನಕ್ಕೆ ಕಾರಣ ಕೇವಲ ಕ್ರೀಡಾಪ್ರೇಮವಲ್ಲ, ಪತ್ರಿಕೆಯ ಮಾರಾಟದ ಚಿಂತೆ. ‘ಲೋಟೋ’ ಎಂಬ ಕ್ರೀಡಾಪತ್ರಿಕೆಯ ಸಂಪಾದಕನಾದ ಆನ್ರಿ ದೆಗ್ರಾಂಜ್ 1903ರಲ್ಲಿ ಹೂಡಿದ ಮೊದಲ ಸ್ಪರ್ಧೆಗೆ ಹೊರಟವರು 60 ಮಂದಿ, ಗುರಿ ಮುಟ್ಟಿದವರು 21. ಗೆದ್ದ ಮೋರಿಸ್ ಗಾರಾಂ ಬಾಲ್ಯದಲ್ಲಿ ಹೊಗೆಗೂಡು ಗುಡಿಸುತ್ತಿದ್ದವನು. ದಿನದಿನದ ಓಟದ ಸಮಯವನ್ನು ಕೂಡಿಸುತ್ತ ಹೋಗಿ, ಒಟ್ಟು ಕಾಲ ಯಾರದು ಕಡಿಮೆಯೋ ಅವನಿಗೇ ಜಯ. ಆದುದರಿಂದ ಒಂದು ದಿನವೂ ಮೊದಲಿಗನಾಗದೆ ಇಡೀ ಸ್ಪರ್ಧೆಯನ್ನು ಗೆಲ್ಲಬಹುದು. 1989ರಲ್ಲಿ ಗ್ರೆಗ್ ಲೆಮಾಂಡ್ ಗೆದ್ದುದು ಬರಿಯ 8 ಸೆಕೆಂಡುಗಳಿಂದ.

ಹೀಗೆ ಕ್ಷಣಕ್ಷಣಕ್ಕೂ ಬೆಲೆಯುಳ್ಳ ಪಂದ್ಯದಲ್ಲಿ ಯುಜೀನ್ ಕ್ರಿಸ್ತೋಫನಿಗೆ 1913ರಲ್ಲಿ ಒದಗಿದ ಪಾಡು ಘೋರವಾದುದು. ಪಿರನೀಸ್ ಪರ್ವತದ ತೂರ್ಮಾಲೆ ಘಾಟವನ್ನಿಳಿಯುವಾಗ ಮುಂಗಾಲಿಯ ಫೋರ್ಕು ಮುರಿಯಿತು. ಪರರ ಸಹಾಯ ನಿಷಿದ್ಧ. ಸೈಕಲ್ಲನ್ನು ಹೆಗಲಿಗೇರಿಸಿ, ಹತ್ತು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಕಾಲ್ನಡಿಗೆಯಿಂದ ಸವೆಸಿ, ಕೆಳಗಿನ ಹಳ್ಳಿಯ ಕಮ್ಮಾರಸಾಲೆ ಸೇರಿ, ನಿರ್ಣಾಯಕರು ಎವೆಯಿಕ್ಕದೆ ಕಾವಲಿದ್ದಂತೆ ತಾನೇ ಕಬ್ಬಿಣ ಕಾಯಿಸಿ, ಬಡಿದು, ಬೆಸೆದನು. ಎರಡು ಕೈಯೂ ಕೆಲಸದಲ್ಲಿದ್ದಾಗ ಹುಡುಗನೊಬ್ಬನು ತಿದಿಯೊತ್ತಿದನೆಂದು ಅವನಿಗೆ ಕಾಲದಂಡ ವಿಧಿಸಲಾಯಿತು! ನಿಯಮಪಾಲನೆಯೆಂದರೂ ಇದನ್ನು ನ್ಯಾಯವೆನ್ನಲು ನನ್ನ ಮನಸ್ಸು ಒಪ್ಪದು. ಆದರೂ ಆತ ಪ್ಯಾರಿಸ್ ತಲುಪಿ ಏಳನೆಯವನಾದನು.

ಮುಂಚೂಣಿಯವನು ತೊಡುವ ಹಳದಿ ಅಂಗಿ, ‘ಲೋಟೋ’ ಪತ್ರಿಕೆಯ ಕಾಗದದ ಬಣ್ಣವನ್ನೇ ಹೊತ್ತು 1919ರಲ್ಲಿ ಬಂದಿತು. ಮೊದಲು ತೊಟ್ಟವನು ಇದೇ ಕ್ರಿಸ್ತೋಫ್. ಆ ವರ್ಷವೂ ಕೊನೆಯದಕ್ಕೆ ಹಿಂದಿನ ಹಂತದಲ್ಲಿ ಫೋರ್ಕು ಮುರಿದು ಗೆಲುವು ಕೈತಪ್ಪಿತು. ಈಗ ಬಿಡಿ, ಸೈಕಲ್ ಕೆಟ್ಟರೆ ಹಿಂದೆಯೇ ಬರುವ ತಂಡದ ಕಾರಿನಿಂದ ಬೇರೊಂದು ಇಳಿಯುತ್ತದೆ.

ನೆರೆಯ ವಿಜಯಪುರ, ಬಾಗಲಕೋಟೆಗಳ ಸೈಕಲ್ ಪಟುಗಳನ್ನು ಮೆಚ್ಚುವ ನಮ್ಮ ತರುಣರು ಜುಲೈ ತಿಂಗಳಿನಲ್ಲಿ ಈ ಸ್ಪರ್ಧೆಯನ್ನು ಒಮ್ಮೆ ಟಿ.ವಿ.ಯಲ್ಲಿ ನೋಡಬೇಕು, ನೋಡುವಾಗ ಅಂದಂದಿನ ಗೆರೆಯನ್ನು ಮೊದಲು ದಾಟಿದವನನ್ನಷ್ಟೇ ಅಲ್ಲದೆ, ಒಟ್ಟು ಕಾಲದ ಲೆಕ್ಕವನ್ನೂ ಗಮನಿಸಬೇಕು.